ಪುಸ್ತಕಕ್ಕೆ ನಿಷ್ಠೆ, ಚೋಮನಿಗೆ ಏನು?

ಒಂದು ಒಳ್ಳೆಯ ಕಾದಂಬರಿ ಸಿನಿಮಾ ಆದಾಗಲೆಲ್ಲ ನಮ್ಮ ಓದುಗ ವಲಯದಲ್ಲಿ ಒಂದು ಗೊಣಗಾಟ ಹುಟ್ಟಿಕೊಳ್ಳುತ್ತದೆ. 'ಪುಸ್ತಕದ ಥರ ಇಲ್ಲ ಬಿಡ್ರಿ' ಎಂಬುದು ಅದರ ಪಲ್ಲವಿ. ಪಾತ್ರ ಕೈಬಿಟ್ಟರು, ಕೊನೆ ತಿರುಚಿದರು, ನಾವು ಮನಸ್ಸಿನಲ್ಲಿ ಕಂಡಿದ್ದ ಮುಖವೇ ಬೇರೆ, ಹೀಗೆ. ಈ ನಿರಾಶೆ ಸುಳ್ಳಲ್ಲ. ಆದರೆ ಇದು ಯಾರ ನಿರಾಶೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಪುಸ್ತಕದೊಳಗೆ ತಮ್ಮ ಮನೆ, ತಮ್ಮ ಪಡಸಾಲೆ, ತಮ್ಮ ಮಾತು ಕಂಡುಕೊಂಡವರ ನಿರಾಶೆ ಇದು. ಅದೇ ಪುಸ್ತಕದಲ್ಲಿ ಅಂಗಳದಾಚೆ ನಿಂತವನ ನಿರಾಶೆಯೇ ಬೇರೆ. ಸಿನಿಮಾ ಪುಸ್ತಕವನ್ನು ಬದಲಿಸಿತು ಎಂಬುದು ನಮ್ಮ ದೂರಲ್ಲ. ಬದಲಿಸಬೇಕಾದ ಕಡೆ ಬದಲಿಸದೆ, ಅದರ ಕುರುಡನ್ನೂ ಭಕ್ತಿಯಿಂದ ಎತ್ತಿಕೊಂಡು ಬಂತು ಎಂಬುದು ನಮ್ಮ ದೂರು.

'ಚೋಮನ ದುಡಿ'ಯನ್ನೇ ತೆಗೆದುಕೊಳ್ಳೋಣ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರ ಸಿನಿಮಾ ಬಂದದ್ದು 1975ರಲ್ಲಿ. ಅತ್ಯುತ್ತಮ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾವ್ ಅವರಿಗೂ ಬಂತು, ಕಥೆಗಾಗಿ ಶಿವರಾಮ ಕಾರಂತರಿಗೂ ಬಂತು. ಇದು ಕೆಟ್ಟ ಸಿನಿಮಾ ಎಂದು ನಾನು ಹೇಳುತ್ತಿಲ್ಲ. ಆ ದುಡಿಯ ಸದ್ದು ಕೇಳಿದ ಯಾರೂ ಹಾಗೆ ಹೇಳಲಾರರು. ಕನ್ನಡದ ಶಿಷ್ಟ ಸಾಹಿತ್ಯ ಹೊಲೆಯನೊಬ್ಬನನ್ನು ಕಥೆಯ ನಡುಮನೆಗೆ ಕರೆದು ಕೂರಿಸಿದ್ದು ದೊಡ್ಡ ಸಂಗತಿ ಎಂಬುದನ್ನೂ ಒಪ್ಪುತ್ತೇನೆ. ಆದರೆ ಪುಸ್ತಕಕ್ಕೂ ಸಿನಿಮಾಕ್ಕೂ ನಡುವೆ 42 ವರ್ಷಗಳಿವೆ. ಆ 42 ವರ್ಷ ಎಲ್ಲಿ ಹೋದವು? ನನ್ನ ಪ್ರಶ್ನೆ ಇಷ್ಟೇ.

ಚೋಮನ ಆಸೆ ಸಣ್ಣದು. ಕಾಡಿನಲ್ಲಿ ಸಿಕ್ಕಿದ ಎರಡು ಕರುಗಳನ್ನು ಸಾಕಿ ಎತ್ತು ಮಾಡಿಕೊಂಡಿದ್ದಾನೆ, ಉಳಲು ತುಂಡು ನೆಲ ಬೇಕು. ಹೊಲೆಯ ಬೇಸಾಯಗಾರನಾಗುವುದು ಉಂಟೇ ಎಂದು ಊರು ನಗುತ್ತದೆ. ಒಡೆಯ ಸಂಕಪ್ಪಯ್ಯನಿಗೆ ಅರೆಮನಸ್ಸಿದ್ದರೂ ಅವನ ತಾಯಿ ಒಪ್ಪುವುದಿಲ್ಲ. ಪಾದ್ರಿಗಳ ಕಡೆ ಹೋದರೆ ನೆಲ ಸಿಕ್ಕೀತು, ಆದರೆ ಪಂಜುರ್ಲಿ ಭೂತದ ಭಯ ದಾರಿಗಡ್ಡ ನಿಲ್ಲುತ್ತದೆ. ಕೊನೆಗೆ ಎತ್ತು ಬಿಟ್ಟು, ಬಾಗಿಲು ಹಾಕಿಕೊಂಡು, ದುಡಿ ಬಡಿಯುತ್ತಾ ಸಾಯುತ್ತಾನೆ. 1933ರ ಲೇಖಕನಿಗೆ ಎರಡೇ ಬಾಗಿಲು ಕಂಡವು, ಒಡೆಯನದು ಮತ್ತು ಇಗರ್ಜಿಯದು. ಆಗಲೂ ಮೂರನೆಯ ಬಾಗಿಲು ಇರಲಿಲ್ಲವೇ? ಅದೇ ಜಿಲ್ಲೆಯ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ದಲಿತರಿಗಾಗಿ ಸಂಸ್ಥೆ ಕಟ್ಟಿ ಶಾಲೆ ನಡೆಸುತ್ತಿದ್ದರು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದಾಗಿತ್ತು. ಹೋಗಲಿ, ಪುಸ್ತಕ ತನ್ನ ಕಾಲದ ಕೂಸು ಎನ್ನೋಣ. 1975ರ ಸಿನಿಮಾಕ್ಕೆ ಆ ನೆಪವೂ ಇಲ್ಲ.

ಯಾಕೆಂದರೆ ಆ ಹೊತ್ತಿಗೆ ಈ ನಾಡಿನಲ್ಲಿ ಏನೇನು ನಡೆದಿತ್ತು ನೋಡಿ. 1956ರಲ್ಲಿ ನಾಗಪುರದ ದೀಕ್ಷೆ ಆಗಿತ್ತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಗಲಾಟೆ ಎದ್ದಿತು, ದಲಿತ ಹುಡುಗರು ಏಟು ತಿಂದರು, ಬಸವಲಿಂಗಪ್ಪ ಕುರ್ಚಿ ಬಿಟ್ಟರು. ಆ ಏಟಿನಿಂದಲೇ ದಲಿತ ಸಂಘರ್ಷ ಸಮಿತಿಯ ದಾರಿ ತೆರೆಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಕಾನೂನು ಜಾರಿಗೆ ಬಂತು. 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಹೊರಟಿತು. ಅಂದರೆ ಜೀತದಾಳು, ನೆಲ, ಸಾಲ ಎಂಬ ಚೋಮನ ಮೂರು ಸಂಕಟಗಳೂ ಸಿನಿಮಾ ಬಂದ ವರ್ಷಗಳಲ್ಲೇ ಬೀದಿಯ ಮಾತಾಗಿದ್ದವು.

ಇಲ್ಲಿ ಒಂದು ಸೂಕ್ಷ್ಮ ಉಂಟು. 'ಉಳುವವನೇ ಒಡೆಯ' ಎಂದು ನಾವೆಲ್ಲ ಕೂಗಿದ್ದೇವೆ. ಆದರೆ ಆ ಕಾನೂನಿನಲ್ಲಿ ನೆಲ ಕೇಳಲು ಫಾರಂ 7 ತುಂಬಿ ಟ್ರಿಬ್ಯೂನಲ್ ಮುಂದೆ ನಿಲ್ಲಬೇಕಿತ್ತು, ನಿಂತವನು ಗೇಣಿದಾರ ಆಗಿರಬೇಕಿತ್ತು. ಚೋಮ ಗೇಣಿದಾರನಲ್ಲ. ಅವನನ್ನು ಗೇಣಿದಾರನಾಗಲು ಬಿಡದಿದ್ದುದೇ ಅವನ ಕಥೆ! ಜಾತಿ ಯಾರನ್ನು ಉಳಲು ಬಿಡಲಿಲ್ಲವೋ ಅವನಿಗೆ, ಉಳುವವನಿಗೆ ನೆಲ ಕೊಡುವ ಕಾನೂನೂ ಏನೂ ಕೊಡಲಿಲ್ಲ. ಕೂಲಿಯವನು ಕೂಲಿಯವನಾಗಿಯೇ ಉಳಿದ. 1975ರಲ್ಲಿ ಚೋಮನನ್ನು ತೆರೆಗೆ ತರುವವರಿಗೆ ಈ ಪ್ರಶ್ನೆ ಕೈಗೆಟುಕುವ ದೂರದಲ್ಲಿತ್ತು. ಸಿನಿಮಾ ಅದನ್ನು ಮುಟ್ಟಲಿಲ್ಲ. ಪುಸ್ತಕಕ್ಕೆ ನಿಷ್ಠವಾಗಿ ಉಳಿಯಿತು. ನೋಡಿದವರು ಕಣ್ಣೊರೆಸಿಕೊಂಡು 'ಅಯ್ಯೋ, ಹಿಂದೆ ಹಿಂಗಿತ್ತಲ್ಲ' ಎಂದು ಎದ್ದು ಹೋಗಲು ಅನುಕೂಲವಾಯಿತು. ಇಂದಿನ ಅನ್ಯಾಯ ಹಿಂದಿನ ದುರಂತವಾಗಿ ಕಂಡಿತು.

ನಾನು ಚಾಮರಾಜನಗರದಲ್ಲಿ ಪಾಠ ಹೇಳುವವನು, ಹುಟ್ಟಿದ್ದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಕೇರಿಯಲ್ಲಿ. ನಮ್ಮ ಕಡೆಯ ಜನ ಇವತ್ತಿಗೂ ಅಡ್ವಾನ್ಸ್ ಹಣ ಈಸಿಕೊಂಡು ಕೊಡಗಿನ ಕಾಫಿ ತೋಟಕ್ಕೆ, ವಯನಾಡಿನ ಶುಂಠಿ ಹೊಲಕ್ಕೆ ಹೋಗುತ್ತಾರೆ. ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟ ಹತ್ತುವುದನ್ನು ನನ್ನ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಕಾದಂಬರಿ ಮುಗಿಸಿ ಸಿನಿಮಾವನ್ನೂ ತೋರಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾ, ಸಾಲ ತೀರ್ಸ್ದವ್ಳು ಬೆಳ್ಳಿ. ಕತ ಮಾತ್ರ ಅಪ್ಪಂದೆ ಆಯ್ತು, ಯಾಕ?" ಅಂದಳು. ಎಷ್ಟೋ ವಿಮರ್ಶಾ ಲೇಖನಗಳಲ್ಲಿ ನನಗೆ ಸಿಗದ ಪ್ರಶ್ನೆ ಇದು. ತೋಟದಲ್ಲಿ ಸಾಲದ ಲೆಕ್ಕ ಹೊಡೆದು ಹಾಕುವುದು ಬೆಳ್ಳಿಯ ಮೈಯ ಬೆಲೆಗೆ. ಆದರೆ ಅದು ಪುಸ್ತಕದಲ್ಲೂ ಸಿನಿಮಾದಲ್ಲೂ ಚೋಮನ ಎದೆಗೆ ಬಿದ್ದ ಕೊನೆಯ ಪೆಟ್ಟಾಗಿ ಬರುತ್ತದೆಯೇ ಹೊರತು ಅವಳ ಬದುಕಿನ ಸಂಗತಿಯಾಗಿ ಅಲ್ಲ. ದುಡಿ ಅಪ್ಪನ ಕೈಯಲ್ಲಿದೆ. ಮಗಳ ಕೈಗೆ ಯಾರೂ ಏನೂ ಕೊಡಲಿಲ್ಲ. ಪುಸ್ತಕದ ಈ ಕುರುಡನ್ನು ತಿದ್ದುವ ಅವಕಾಶ ಸಿನಿಮಾಕ್ಕಿತ್ತು, ಕ್ಯಾಮೆರಾವನ್ನು ಬೆಳ್ಳಿಯ ಕಡೆ ತಿರುಗಿಸಿದ್ದರೆ ಸಾಕಿತ್ತು.

ನಮ್ಮ ಸೀಮೆಗೆ ಸಿನಿಮಾ ಅಂದರೆ ರಾಜಕುಮಾರ್. ಅವರ ಗಾಜನೂರು ಇವತ್ತು ಗಡಿಯಾಚೆ ತಾಳವಾಡಿ ಕಡೆ ಇದ್ದರೂ ಚಾಮರಾಜನಗರದವರಿಗೆ ಅದು ಪಕ್ಕದೂರೇ. 'ಚೋಮನ ದುಡಿ'ಗೆ ಮೂರು ವರ್ಷ ಮೊದಲು, 1972ರಲ್ಲಿ, 'ಬಂಗಾರದ ಮನುಷ್ಯ' ಬಂದಿತ್ತು. ಅದೂ ಟಿ.ಕೆ. ರಾಮರಾಯರ ಕಾದಂಬರಿ ಆಧರಿಸಿದ್ದೇ. ನಿರ್ದೇಶಕರು ಸಿದ್ದಲಿಂಗಯ್ಯ (ನಮ್ಮ ಕವಿ ಸಿದ್ದಲಿಂಗಯ್ಯ ಅಲ್ಲ). ಅಲ್ಲಿಯೂ ಒಬ್ಬ ಗಂಡಸಿಗೆ ನೆಲ ಉಳುವ ಆಸೆ. ರಾಜೀವ ಬರಡು ಕಲ್ಲು ನೆಲ ಹಸನು ಮಾಡಿ ಬಂಗಾರ ಬೆಳೆಯುತ್ತಾನೆ. ಅವನ ಆಸೆಗೆ ಇಡೀ ನಾಡು ಚಪ್ಪಾಳೆ ತಟ್ಟಿತು, ಪೇಟೆ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರ ಕಥೆಗಳು ಇಂದಿಗೂ ಓಡಾಡುತ್ತಿವೆ. ಈ ಎರಡು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಆಸೆ ಒಬ್ಬನಲ್ಲಿ ಆದರ್ಶ, ಇನ್ನೊಬ್ಬನಲ್ಲಿ ದುರಂತ. ನಡುವೆ ಇರುವುದು ಜಾತಿ. ಅದನ್ನು ಒಂದು ಸಿನಿಮಾ ಹೇಳುವುದೇ ಇಲ್ಲ, ಇನ್ನೊಂದು ಹೇಳುತ್ತದೆ, ಆದರೆ ವಿಧಿ ಎಂಬಂತೆ ಹೇಳುತ್ತದೆ.

'ಸಂಸ್ಕಾರ'ದ ಮಾತೂ ಇದೇ ದಾರಿಯದು. ಅನಂತಮೂರ್ತಿಯವರ ಕಾದಂಬರಿ 1965ರದು, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರದು. ಸೆನ್ಸಾರಿನವರು ತಡೆದರು, ಆಮೇಲೆ ಬಿಟ್ಟರು, ಸ್ವರ್ಣಕಮಲ ಬಂತು. ಜಗಳವೆಲ್ಲ ಅಗ್ರಹಾರದ ಮಾನದ ಸುತ್ತ. ಕಾದಂಬರಿಯಲ್ಲಿ ಒಂದು ಬ್ರಾಹ್ಮಣ ಹೆಣದ ಸುತ್ತ ಧರ್ಮಶಾಸ್ತ್ರವೇ ಅಲ್ಲಾಡುತ್ತಿರುವಾಗ, ಹೊಲಗೇರಿಯಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಅಲ್ಲಿ ಶಾಸ್ತ್ರದ ಚರ್ಚೆಯೇ ಇಲ್ಲ. ಈ ವ್ಯತ್ಯಾಸ ಕಾಣುವಷ್ಟು ಕಣ್ಣು ಲೇಖಕರಿಗಿತ್ತು. ಆದರೆ ಪರ ವಿರೋಧ ಎರಡೂ ಕಡೆಯ ಗದ್ದಲದಲ್ಲಿ ಆ ಗುಡಿಸಲ ಹೊಗೆ ಯಾರ ಮೂಗಿಗೂ ಬಡಿದಂತಿಲ್ಲ.

ಹಾಗಾದರೆ ದಲಿತ ಲೇಖಕನ ಪುಸ್ತಕವೇ ಸಿನಿಮಾ ಆದರೆ ಎಲ್ಲ ಸರಿಹೋಗುತ್ತದೆಯೇ? ದೇವನೂರ ಮಹಾದೇವರ ಕಥೆಗಳನ್ನು ಆಧರಿಸಿ ಕೆ. ಶಿವರುದ್ರಯ್ಯನವರು 2015ರಲ್ಲಿ 'ಮಾರಿಕೊಂಡವರು' ಮಾಡಿದರು. ಒಳ್ಳೆಯ ಉದ್ದೇಶದ ಕೆಲಸ. ಆದರೂ ನಮ್ಮ ಸೀಮೆಯ ಓದುಗನಿಗೆ ಏನೋ ಕೈತಪ್ಪಿದಂತೆ ಆಗುತ್ತದೆ. ದೇವನೂರರ ಬರಹದಲ್ಲಿ ಪಾತ್ರಗಳು ಮಾತ್ರ ನಮ್ಮ ಮಾತು ಆಡುವುದಿಲ್ಲ, ಕಥೆ ಹೇಳುವವನೂ ಅದೇ ಮಾತಿನಲ್ಲಿ ಯೋಚಿಸುತ್ತಾನೆ. 1984ರ 'ಕುಸುಮಬಾಲೆ'ಯಲ್ಲಂತೂ ನಿರೂಪಣೆಗೇ ಆ ನುಡಿ, ದೀಪದ ಜೋತಮ್ಮಗಳೂ ಕೂತು ಹರಟುತ್ತವೆ. ಸಿನಿಮಾ ಪಾತ್ರಗಳ ಬಾಯಿಗೆ ನಮ್ಮ ಸೊಲ್ಲು ಹಾಕಬಲ್ಲದು. ಆದರೆ ನೋಡುವ ಕಣ್ಣಿಗೂ ಆ ಸೊಲ್ಲು ಬರಬೇಕಲ್ಲ? ಅದು ಡೈಲಾಗ್ ಬರೆಯುವವನ ಕೆಲಸವಲ್ಲ, ಕ್ಯಾಮೆರಾ ಹಿಂದೆ ಯಾರು ನಿಂತಿದ್ದಾರೆ ಎಂಬ ಪ್ರಶ್ನೆ.

ಇದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಮಂಟೇಸ್ವಾಮಿ, ಸಿದ್ದಪ್ಪಾಜಿ ಕಾವ್ಯ ಹಾಡುವ ನೀಲಗಾರರಿಗೆ ಪುಸ್ತಕವೇ ಇರಲಿಲ್ಲ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿರಲಿ, ಒಕ್ಕಲ ಮನೆಯ ಜಗುಲಿಯಲ್ಲಿರಲಿ, ತಂಬೂರಿ ಹಿಡಿದವನು ಆ ರಾತ್ರಿಗೆ ಬೇಕಾದಂತೆ ಕಥೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಕಮ್ಮಾರರ ಹುಡುಗ ಕೆಂಪಾಚಾರಿ ಸಿದ್ದಪ್ಪಾಜಿಯಾದ ಕಥೆ ಒಬ್ಬೊಬ್ಬ ನೀಲಗಾರನ ಬಾಯಲ್ಲಿ ಒಂದೊಂದು ಥರ. 'ಮೂಲದಂತಿಲ್ಲ' ಎಂದು ಯಾರೂ ದೂರುವುದಿಲ್ಲ. ಆದರೆ ತಪ್ಪು ಹಾಡಿದರೆ ಎದುರಿಗೆ ಕೂತ ಮುದುಕಪ್ಪನೇ ತಡೆದು ಕೇಳುತ್ತಾನೆ. ಹಾಡುವವನು ಯಾರ ಕಥೆ ಹಾಡುತ್ತಾನೋ ಅವರ ಮುಂದೆಯೇ ಕೂತು ಹಾಡಬೇಕು. ಬದಲಾವಣೆಗೆ ಅಲ್ಲಿ ಅಡ್ಡಿಯಿಲ್ಲ, ಉತ್ತರ ಕೊಡದೆ ತಪ್ಪಿಸಿಕೊಳ್ಳುವುದಕ್ಕೆ ಅಡ್ಡಿ.

ನಮ್ಮ ವಿಮರ್ಶೆ ಸಿನಿಮಾವನ್ನು ಅಳೆಯಬೇಕಾದ ಕೋಲು ಇದು. ಪುಸ್ತಕಕ್ಕೆ ಎಷ್ಟು ಹತ್ತಿರ ಎಂಬುದನ್ನು ಪುಸ್ತಕದ ಒಡೆಯರು ನೋಡಿಕೊಳ್ಳಲಿ. ನಾವು ಕೇಳಬೇಕಾದದ್ದು, ಯಾರ ಬದುಕು ತೆರೆಯ ಮೇಲಿದೆಯೋ ಅವರ ಮುಂದೆ ನಿಂತು ಈ ಸಿನಿಮಾ ಉತ್ತರ ಕೊಡಬಲ್ಲದೇ ಎಂದು. ನಮ್ಮ ಹುಡುಗ ಹುಡುಗಿಯರ ಜೇಬಿನಲ್ಲೇ ಇವತ್ತು ಕ್ಯಾಮೆರಾ ಇದೆ. ಅವರಲ್ಲಿ ಯಾರಾದರೂ ಒಂದು ದಿನ ಚೋಮನ ಕಥೆಯನ್ನು ಮತ್ತೆ ಮಾಡಿದರೆ, ದಯಮಾಡಿ ಪುಸ್ತಕಕ್ಕೆ ನಿಷ್ಠರಾಗಿರಬೇಡಿ. ಫಾರಂ 7 ತೋರಿಸಿ. ಘಟ್ಟದ ಮೇಲಿನ ಲೆಕ್ಕದ ಪುಸ್ತಕ ತೋರಿಸಿ. ಕಥೆಯನ್ನು ಬೆಳ್ಳಿಯಿಂದ ಶುರು ಮಾಡಿ.