ಪೈಪ್ ಮಾಡುತ್ತಿದ್ದ ಊರಿನ ಬೆಕ್ಕು

ಬೆಕ್ಕು ಅಡ್ಡ ಬಂತು ಅಂದ್ರೆ ಎರಡು ನಿಮಿಷ ನಿಂತು, ಆಮೇಲೆ ಹೆಜ್ಜೆ ಇಡೋ ಜನ ನಾವು. ಜಪಾನಿನ ಟೊಕೊನಾಮೆಯಲ್ಲಿ ಹಾಗೆ ನಿಂತರೆ ಊರು ಸೇರೋದಕ್ಕೇ ಆಗಲ್ಲ. ನಗೋಯಾ ನಗರದ ದಕ್ಷಿಣಕ್ಕೆ, ಸಮುದ್ರದ ದಂಡೆಯಲ್ಲಿರೋ ಪುಟ್ಟ ಊರದು. ರೈಲು ನಿಲ್ದಾಣದಿಂದ ನಡೆದು ಹೊರಟರೆ ರಸ್ತೆ ಬದಿಯ ಗೋಡೆಯ ಮೇಲೆ ಸಾಲಾಗಿ 39 ಬೆಕ್ಕುಗಳು. ಎಲ್ಲವೂ ಸುಟ್ಟ ಮಣ್ಣಿನವು. ಒಂದು ಆರೋಗ್ಯಕ್ಕೆ, ಇನ್ನೊಂದು ಪ್ರಯಾಣಕ್ಕೆ, ಹೀಗೆ ಒಂದೊಂದಕ್ಕೆ ಒಂದೊಂದು ಖಾತೆ. ತಲೆ ಎತ್ತಿ ನೋಡಿದರೆ ಗೋಡೆಯ ಮೇಲಿಂದ ಇಣುಕುತ್ತಿದೆ 3.8 ಮೀಟರ್ ಎತ್ತರದ ದೈತ್ಯ ಬೆಕ್ಕು. ಹೆಸರು ಟೊಕೊನ್ಯಾನ್!

ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೈ ಎತ್ತಿ ಕೂತಿರೋ ಬೆಕ್ಕಿನ ಗೊಂಬೆಯನ್ನ ನೀವೂ ನೋಡಿರ್ತೀರಿ. ಅದೇ 'ಮನೆಕಿ ನೆಕೊ'. ನಮ್ಮ 'ಮನೆ'ಗೂ ಅದಕ್ಕೂ ಸಂಬಂಧ ಇಲ್ಲ. 'ಕರೆಯುವ ಬೆಕ್ಕು' ಅಂತ ಅರ್ಥ. ಬಲಗೈ ಎತ್ತಿದ್ದರೆ ದುಡ್ಡನ್ನ ಕರೆಯುತ್ತೆ, ಎಡಗೈ ಎತ್ತಿದ್ದರೆ ಗಿರಾಕಿಗಳನ್ನ ಅನ್ನೋದು ಅಲ್ಲಿನ ನಂಬಿಕೆ. ಪಾಶ್ಚಾತ್ಯರಿಗೆ ಅದು ಟಾಟಾ ಮಾಡಿದ ಹಾಗೆ ಕಾಣುತ್ತಂತೆ. ನಮಗೆ ಆ ಗೊಂದಲ ಇಲ್ಲ. ಅಂಗೈ ಕೆಳಗೆ ಮಾಡಿ 'ಬಾ' ಅನ್ನೋದು ನಮ್ಮಲ್ಲೂ ಇದೆಯಲ್ಲ!

ಈ ಬೆಕ್ಕು ಟೊಕೊನಾಮೆಯಲ್ಲಿ ಹುಟ್ಟಿದ್ದಲ್ಲ. 1852ರಲ್ಲೇ ಹಿರೋಶಿಗೆ ಅನ್ನೋ ಕಲಾವಿದ ಎಡೊ ನಗರದಲ್ಲಿ, ಅಂದರೆ ಇವತ್ತಿನ ಟೋಕಿಯೊದಲ್ಲಿ, ಇಂಥ ಗೊಂಬೆ ಮಾರುವ ಅಂಗಡಿಯನ್ನ ಚಿತ್ರಿಸಿದ್ದಾನೆ. ಹಾಗಾದರೆ ಈ ಊರಿಗೆ ಬೆಕ್ಕು ಬಂದದ್ದು ಹೇಗೆ? ಅದಕ್ಕೆ ಬೆಕ್ಕುಗಳನ್ನ ಬಿಟ್ಟು ಸ್ವಲ್ಪ ಮೇಲಕ್ಕೆ ಹತ್ತಬೇಕು.

ಅಲ್ಲೊಂದು ಏರುದಾರಿ. ಎಡಬಲದ ಗೋಡೆಗಳನ್ನ ನೋಡಿ. ಒಂದು ಕಡೆ ಮಣ್ಣಿನ ಪೈಪುಗಳು, ಇನ್ನೊಂದು ಕಡೆ ಮದ್ಯ ತುಂಬಿಸೋ ಮಣ್ಣಿನ ಜಾಡಿಗಳು. ಇಂಜಿನಿಯರಿಂಗ್ ಓದಿದ ನನ್ನಂಥವನಿಗೆ ಬೆಕ್ಕಿಗಿಂತ ಆ ಪೈಪೇ ದೊಡ್ಡ ವಿಸ್ಮಯ.

ಯಾಕೆ ಗೊತ್ತಾ? ಟೊಕೊನಾಮೆಯ ಕುಂಬಾರಿಕೆಗೆ 900 ವರ್ಷದ ಇತಿಹಾಸ ಇದೆ. ಜಪಾನಿನ ಆರು ಪ್ರಾಚೀನ ಕುಂಬಾರಿಕೆ ಕೇಂದ್ರಗಳಲ್ಲಿ ಇದೂ ಒಂದು. ಶತಮಾನಗಳ ಕಾಲ ಮಾಡಿದ್ದು ದೊಡ್ಡ ದೊಡ್ಡ ಹಂಡೆ, ಜಾಡಿ. 1870ರ ದಶಕದಲ್ಲಿ ಯೊಕೊಹಾಮಾ ಬಂದರಿಗೆ ಒಳಚರಂಡಿ ಬೇಕಾಯಿತು. ಸ್ಕಾಟ್ಲೆಂಡಿನ ಇಂಜಿನಿಯರ್ ರಿಚರ್ಡ್ ಬ್ರಂಟನ್ ಕೇಳಿದ್ದು ಒಂದೇ: ಎಲ್ಲ ಪೈಪೂ ಒಂದೇ ಅಳತೆ ಇರಬೇಕು. ಹೇಳೋದು ಸುಲಭ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತೆ, ಸುಡುವಾಗ ಮತ್ತೆ ಕುಗ್ಗುತ್ತೆ. ಒಂದು ಪೈಪಿನ ಬಾಯಿ ಇನ್ನೊಂದಕ್ಕೆ ಕೂರದಿದ್ದರೆ ಊರ ಕೊಳಚೆಯೆಲ್ಲ ನೆಲದ ಪಾಲು! ಅದನ್ನ ಸಾಧಿಸಿದ್ದು ಟೊಕೊನಾಮೆಯ ಕುಂಬಾರ ಕೊಯಿಯೆ ಹೋಜು. ಮರದ ಅಚ್ಚು ಮಾಡಿಸಿ ಒಂದೇ ಅಳತೆಯ ಪೈಪು ತೆಗೆದ. ಹೊಸ ಜಪಾನಿನ ನೆಲದಡಿಗೆ ಈ ಊರಿನ ಮಣ್ಣು ಇಳಿಯಿತು.

ಆದರೆ ಕಾಲ ಯಾರಿಗೂ ಕಾಯಲ್ಲ. ಕಾಂಕ್ರೀಟ್ ಬಂತು, ಪ್ಲಾಸ್ಟಿಕ್ ಪೈಪು ಬಂತು. 1887ರಲ್ಲಿ ಕಟ್ಟಿದ, ಹತ್ತು ಚಿಮಣಿಗಳ, ಇಳಿಜಾರಿನ ದೊಡ್ಡ ಭಟ್ಟಿ 1974ರಲ್ಲಿ ಕೊನೆಯ ಬಾರಿ ಉರಿದು ತಣ್ಣಗಾಯಿತು. ಊರಿನ ಕತೆ ಮುಗೀತು ಅಂತ ಅಂದುಕೊಂಡ್ರಾ?

ಮುಗಿಯಲಿಲ್ಲ. ಯಾಕಂದ್ರೆ ಅಲ್ಲಿನ ಕೈಗಳು ಒಂದನ್ನೇ ನಂಬಿ ಕೂತಿರಲಿಲ್ಲ. ಟೈಲ್ಸ್ ಮಾಡಿದವು, ಕಮೋಡ್ ಮಾಡಿದವು, ಕೆಂಪು ಮಣ್ಣಿನ ಟೀ ಕುಡಿಕೆ ಮಾಡಿದವು. ಎರಡನೇ ಮಹಾಯುದ್ಧದ ನಂತರ, ಬೇರೆ ಊರಿನ ಆ ಬೆಕ್ಕಿಗೆ ದೊಡ್ಡ ಕಣ್ಣು, ದುಂಡು ಮೈ ಕೊಟ್ಟು, ಕೈಗೊಂದು ಚಿನ್ನದ ನಾಣ್ಯ ಹಿಡಿಸಿದವು. ಇವತ್ತು ಮನೆಕಿ ನೆಕೊ ಅಂದ ಕೂಡಲೇ ಕಣ್ಣಿಗೆ ಬರೋದು ಹೆಚ್ಚಾಗಿ ಈ ಊರಿನ ರೂಪವೇ. ಆ ಬೆಕ್ಕನ್ನ ನೋಡೋಕೆ ಬಂದವರೇ ತಣ್ಣಗಾದ ಭಟ್ಟಿಯನ್ನೂ, ಪೈಪಿನ ಗೋಡೆಯನ್ನೂ ನೋಡಿ ಹೋಗ್ತಾರೆ.

ಇನ್ನು ಒಂದು ಮಾತು. ಆ ಏರುದಾರಿಯಲ್ಲಿ ಕಾಲು ಜಾರದಂತೆ ನೆಲಕ್ಕೆ ಹಾಸಿರೋದು ಏನು ಗೊತ್ತಾ? ಪೈಪು ಸುಡುವಾಗ ಬಳಸಿ ಬಿಸಾಡಿದ ಮಣ್ಣಿನ ಬಳೆಗಳು. ಎಸೆದದ್ದನ್ನೇ ಮೆಟ್ಟಿಕೊಂಡು ಮೇಲೆ ಹತ್ತಿದ ಊರಿದು.

ಅದೃಷ್ಟ ಬೇಕು ಅಂತ ಬೆಕ್ಕು ತಂದಿಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ನೆನಪಿರಲಿ: ಟೊಕೊನಾಮೆಯಲ್ಲಿ ಅದೃಷ್ಟವನ್ನ ಕರೆದದ್ದು ಬೆಕ್ಕಿನ ಕೈ ಅಲ್ಲ. ಆ ಬೆಕ್ಕನ್ನ ಮಾಡಿದ ಕೈ.