ಕೆಡ್ಡಸದ ಬೇಟೆಯೂ ಅದರ ಪಾಲೂ

ಮಕರ ಮಾಸ ಮುಗಿದು ಕುಂಭ ಸಂಕ್ರಮಣ ಸಮೀಪಿಸುವಾಗ, ಎಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ತುಳುನಾಡಿನ ಮನೆಗಳಲ್ಲಿ ಕೆಡ್ಡಸವೆಂಬ ಹಬ್ಬವನ್ನು ಆಚರಿಸುತ್ತಾರೆ. ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮಲೆಯಾಳವನ್ನೂ ಆಡುವ ನಮ್ಮ ಕಾಸರಗೋಡಿನವರಿಗೆ ಇದು ಪರಿಚಿತವಾದ ಹಬ್ಬವೇ. ಭೂಮಿತಾಯಿ ಮುಟ್ಟಾಗುವ ಮೂರು ದಿನಗಳಿವು ಎಂಬ ನಂಬಿಕೆಯಿಂದ ಆಗ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಹಬ್ಬಕ್ಕೆ ಮುಂಚೆ ನಲಿಕೆಯವರು ಮನೆಮನೆಗೆ ಬಂದು, ಅಂಗಳದಲ್ಲಿ ನಿಂತು, ಅದರ ಬರವನ್ನು ಸಾರುತ್ತಿದ್ದರು. ಗಿಡಮರಗಳಿಗೆ ನೋವು ಮಾಡಬಾರದೆಂಬ ವಿಧಿಯೂ, ಹಿರಿಕಿರಿಯರೆನ್ನದೆ ಊರಿಗೆ ಊರೇ ಬೇಟೆಗೆ ಹೊರಡಬೇಕೆಂಬ ಕರೆಯೂ ಆ ಸಾರಿಕೆಯಲ್ಲಿ ಒಟ್ಟಿಗೆ ಇರುತ್ತಿದ್ದುವು.

"ಮರಕ್ಕೆ ಕತ್ತಿ ತಾಗಿಸಬಾರದು, ಮಿಗವನ್ನು ಮಾತ್ರ ಕೊಲ್ಲಬಹುದು, ಇದೇನು ಸಾರ್ ನ್ಯಾಯ?" ಎಂದು ನಮ್ಮ ಶಾಲೆಯ ಹುಡುಗನೊಬ್ಬ ಒಮ್ಮೆ ಕೇಳಿದ. ಆಗ ನಮ್ಮಿಂದ ಸರಿಯಾದ ಉತ್ತರ ಬರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ದೊರೆತ ಕೆಲವು ಸಂಗತಿಗಳನ್ನು ಇಲ್ಲಿ ಓದುಗರ ಮುಂದಿಡುತ್ತೇವೆ.

ಮೊದಲು ಮಾತುಗಳನ್ನೇ ನೋಡೋಣ. ಹಳಗನ್ನಡದ 'ಬೇಂಟೆ' ಹೊಸಗನ್ನಡದಲ್ಲಿ 'ಬೇಟೆ'ಯಾಯಿತು, ತುಳುವಿನಲ್ಲಿ ಅದು 'ಬೋಂಟೆ', ತಮಿಳಿನಲ್ಲಿ 'ವೇಟ್ಟೈ'. ಒಂದೇ ತಾಯಿಯ ಮಕ್ಕಳೆಂಬುದು ನೋಡಿದೊಡನೆ ತಿಳಿಯುತ್ತದೆ. ಮಲೆಯಾಳದಲ್ಲಿ 'ವೇಟ್ಟ'ದ ಜೊತೆಗೆ 'ನಾಯಾಟ್ಟ್' ಎಂಬ ಇನ್ನೊಂದು ಮಾತೂ ಉಂಟು. ಅದರೊಳಗೆ ನಾಯಿಯೇ ಕುಳಿತಿದೆ. ಘಟ್ಟದ ಮೇಲಣ ಮಲೆನಾಡಿನಲ್ಲಿ ಪೊದೆಗಳ ನಡುವೆ ನುಗ್ಗಿ ಮಿಗವನ್ನು ಎಬ್ಬಿಸುವುದಕ್ಕೆ 'ಹಳು ನುಗ್ಗುವುದು' ಎಂದೂ, ಅದು ಹಾಯುವ ದಾರಿಯಲ್ಲಿ ಆಯುಧ ಹಿಡಿದು ಕಾಯುವುದಕ್ಕೆ 'ಬಿಲ್ಲಿಗೆ ಕೂರುವುದು' ಎಂದೂ ಹೇಳುತ್ತಿದ್ದರು. ಬಿಲ್ಲು ಹೋಗಿ ಕೋವಿ ಬಂದು ಎಷ್ಟೋ ತಲೆಮಾರುಗಳಾದರೂ ಆ ಜಾಗದ ಹೆಸರು ಬಿಲ್ಲಾಗಿಯೇ ಉಳಿಯಿತು. ಆಯುಧ ಬದಲಾದರೂ ಕೂಟದ ಕಟ್ಟಳೆ ಬದಲಾಗಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಈ ಕಟ್ಟಳೆಯ ಹಳಮೆಯನ್ನು ತೋರಿಸುವ ಶಾಸನವೊಂದು ಕನ್ನಡದಲ್ಲಿಯೇ ಇರುವುದು ನಮ್ಮ ಭಾಗ್ಯ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಶಕ ವರ್ಷ 872ರದು, ಎಂದರೆ ಕ್ರಿ.ಶ. 949-50ರದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ವಿಚಾರ ಅದರಲ್ಲಿದೆ. ಬೂತುಗನ ವೀರನಾದ ಮಣಲೇರನು ಆ ಯುದ್ಧದಲ್ಲಿ ಪರಾಕ್ರಮ ತೋರಿದಾಗ ಒಡೆಯನು ಮೆಚ್ಚಿ "ಬೇಕಾದುದನ್ನು ಬೇಡು" ಎಂದನಂತೆ. ಮಣಲೇರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತುವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರಾಡುವ ಚಿತ್ರವಿದೆ.

ನಮ್ಮ ಗಮನವನ್ನು ಸೆಳೆದುದು ಶಾಸನದ ಇನ್ನೊಂದು ಮಾತು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಊಟಮಾಡಿದರೆ ಆತನಿಗೆ ನಾಯಿಯ ಪಾಪ ತಟ್ಟುವುದೆಂದು ಅಲ್ಲಿ ಬರೆದಿದೆ. ನಾಯಿಗೆ ಸಲ್ಲಬೇಕಾದುದು ಮೊದಲು, ಮನುಷ್ಯನ ತುತ್ತು ಆಮೇಲೆ. ಸಾವಿರ ವರ್ಷಗಳ ಹಿಂದಿನ ಈ ವಿಧಿಯನ್ನು ಹೋಲುವ ನಡತೆ ಇಂದಿಗೂ ನಮ್ಮ ನೆರೆಯಲ್ಲಿ ಜೀವಂತವಾಗಿದೆ. ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ಮುತ್ತಪ್ಪನು ಬಿಲ್ಲು ಹಿಡಿದ ಬೇಟೆಗಾರ ದೈವ. ನಾಯಿ ಆತನ ಒಡನಾಡಿ. ಗುಡಿಯ ಬಾಗಿಲಲ್ಲಿ ನಾಯಿಗಳ ವಿಗ್ರಹಗಳಿವೆ. ನಾಯಿಗಳು ಅಲ್ಲಿ ತಡೆಯಿಲ್ಲದೆ ಓಡಾಡುತ್ತವೆ. ಪ್ರಸಾದದಲ್ಲಿ ಅವಕ್ಕೂ ಪಾಲುಂಟು. ಕಾಸರಗೋಡಿನಲ್ಲಿಯೂ ಮುತ್ತಪ್ಪನ ಮಡಪ್ಪುರಗಳಿವೆ. ಆತಕೂರಿನಿಂದ ಪರಶ್ಶಿನಿಕಡವಿಗೆ ನೇರ ಸಂಬಂಧವುಂಟೆಂದು ನಾವು ಹೇಳುತ್ತಿಲ್ಲ. ಬೇಟೆಯನ್ನು ಬಲ್ಲ ಜನರು ಎರಡು ಕಡೆಯೂ ಒಂದೇ ಋಣವನ್ನು ಒಪ್ಪಿಕೊಂಡಿದ್ದಾರೆಂಬಷ್ಟನ್ನೇ ಹೇಳುತ್ತೇವೆ.

ಅರಸರ ಬೇಟೆಯ ರೀತಿ ಬೇರೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಜಿಂಕೆಯ ಬೇಟೆಯ ನಾನಾ ವಿಧಾನಗಳ ವರ್ಣನೆಯಿದೆ. ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಗಳನ್ನು ಹತ್ತಿರಕ್ಕೆ ಸೆಳೆಯುವ ಉಪಾಯವೂ ಅವುಗಳಲ್ಲೊಂದು. ಆದರೆ ಅದು ಒಬ್ಬನ ವಿನೋದ. ಉಳಿದವರು ಅವನ ಪರಿವಾರ. ಊರ ಬೇಟೆಯಲ್ಲಿ ಹಾಗಲ್ಲ. ಅಲ್ಲಿ ಎಲ್ಲರ ಕಣ್ಣೂ ಕೊನೆಗೆ ನಿಲ್ಲುವುದು ಪಾಲಿನ ಮೇಲೆ.

ಪಾಲು ತಪ್ಪಿದರೆ ಏನಾಗುವುದೆಂಬುದಕ್ಕೆ ಕೋಟಿ ಚೆನ್ನಯರ ಕಥೆಗಿಂತ ಬೇರೆ ಉದಾಹರಣೆ ಬೇಡ. ಎಣ್ಮೂರಿನ ಬಲ್ಲಾಳನ ಆಶ್ರಯದಲ್ಲಿದ್ದ ಅವಳಿ ವೀರರು ಬೇಟೆಗೆ ಹೋಗಿ ಹಂದಿಯೊಂದನ್ನು ಕೊಂದರು. ಹಂದಿ ನಮ್ಮದೆಂದು ಪಂಜದವರು ಹಕ್ಕು ಸಾಧಿಸಿದರು. ಎರಡು ಸೀಮೆಗಳ ಗಡಿಯ ಜಗಳ ಹಂದಿಯ ನೆವದಲ್ಲಿ ಯುದ್ಧವಾಯಿತು. ಅದರಲ್ಲಿ ವೀರರು ಪ್ರಾಣ ಬಿಟ್ಟರು. ಇಂದು ಅವರು ಗರಡಿಗಳಲ್ಲಿ ಪೂಜೆಗೊಳ್ಳುತ್ತಾರೆ. ಎಣ್ಮೂರೂ ಪಂಜವೂ ನಮಗೆ ದೂರದ ಊರುಗಳಲ್ಲ, ಸುಳ್ಯದ ಸೀಮೆಯವು. ಗಡಿನಾಡಿನವರಾದ ನಾವು ಈ ಕಥೆಯನ್ನು ಕೇಳುವಾಗ ಕತ್ತಿಯ ಸೊಬಗಿನೊಡನೆ ಹಂದಿಯನ್ನೂ ನೆನೆಯಬೇಕು. ಒಂದು ಹಂದಿಯನ್ನು ಎರಡಾಗಿ ಕಡಿಯಲಾರದೆ ಎರಡು ಊರುಗಳು ಜನರನ್ನು ಕಡಿದುವು.

ಇದರ ಜೊತೆಗೆ ನಮ್ಮ ಮನೆಯ ಸಂಗತಿಯೊಂದನ್ನು ಹೇಳಲು ಓದುಗರು ಅಪ್ಪಣೆ ಕೊಡಬೇಕು. ನಮ್ಮ ಅಜ್ಜ ಪಯಸ್ವಿನಿ ಹೊಳೆಯ ಬದಿಯ ಕೃಷಿಕರು. ಕೆಡ್ಡಸದ ಮುನ್ನಾದಿನವೇ ಸುಳ್ಯದ ಕಡೆಯ ಭಾವಂದಿರೂ, ಹೊಳೆಯಾಚೆಯ ಮಲೆಯಾಳ ಮಾತಿನ ಸ್ನೇಹಿತರೂ, ಕೆಲಸದವರೂ, ನಾಯಿಗಳೂ ಬಂದು ಸೇರುತ್ತಿದ್ದರಂತೆ. ಗುಡ್ಡದ ಬುಡದಲ್ಲಿ ಸೋಗೆಯ ಕೊಟ್ಟಿಗೆಯಲ್ಲಿ ರಾತ್ರಿ ತಂಗುವುದು. ಬೆಂಕಿಯ ಸುತ್ತ ಹಳೆಯ ಬೇಟೆಗಳ ಮಾತು. ಹುಡುಗರಿಗೆ ಕಾಲಿನ ಗುರುತು ತಿಳಿಸುವುದು. ಇದು ಕಡವೆಯದು, ಇದು ಕಾಡುಕುರಿಯದು, ಇದು ಬರಿಂಕದ್ದು ಎಂದು. ಗಬ್ಬದ ಹೆಣ್ಣಿಗೆ ಗುಂಡು ಹಾಕಬಾರದು. ಕಣ್ಣಿಗೆ ಕಾಣದ ಸದ್ದಿಗೆ ಕೋವಿ ಎತ್ತಬಾರದು. ಗಾಯಗೊಂಡುದನ್ನು ಹಾಗೆಯೇ ಬಿಟ್ಟು ಬರಬಾರದು. ಗುಂಡು ತಾಗಿಸಿದವನಿಗೆ ತಲೆಯೂ ಒಂದು ತೊಡೆಯೂ. ಉಳಿದುದು ತಲೆಗೊಂದು ಸಮಪಾಲು. ನಾಯಿಗೆ ಬೇರೆ ಪಾಲು. ಬೇಟೆಗೆ ಬರಲಾರದ ಮುದುಕರ ಮನೆಗೂ ಗಂಡು ದಿಕ್ಕಿಲ್ಲದ ಮನೆಗೂ ಎಲೆಯಲ್ಲಿ ಕಟ್ಟಿ ಕಳುಹಿಸುವುದು.

1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದುವು. ಅಲ್ಲಿಯವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಟ್ಟಿಗಿದ್ದ ಸುಳ್ಯದ ಸೀಮೆ ಮೈಸೂರಿಗೂ ಕಾಸರಗೋಡು ತಾಲ್ಲೂಕು ಕೇರಳಕ್ಕೂ ಸೇರಿದುವು. ಮರುವರ್ಷದ ಕೆಡ್ಡಸಕ್ಕೆ ಅಜ್ಜನ ಕಡೆಯವರ ಗುಂಡು ತಿಂದ ಕಡವೆಯೊಂದು ಓಡಿ, ಗಡಿಯ ತೋಡು ದಾಟಿ, ಆಚೆ ಬಿದ್ದಿತು. ಆಚೆಯ ಊರಿನವರು ಅದರ ಸುತ್ತ ನಿಂತು "ಇದು ಈಗ ನಮ್ಮ ರಾಜ್ಯ" ಎಂದರು. ಅದುವರೆಗೆ ಯಾರೂ ಆಡದಿದ್ದ ಮಾತು ಅದು. ಈಚೆಯವರು ಕತ್ತಿಯ ಹಿಡಿಗೆ ಕೈ ಹಾಕಿದರು. ಅಜ್ಜ ತೋಡಿನ ನೀರಿನಲ್ಲಿ ಇಳಿದು ನಿಂತು, "ಪಂಜದವರ ಹಂದಿ ನಿಮಗೆ ಮರೆತುಹೋಯಿತೋ?" ಎಂದು ಎರಡು ಕಡೆಯವರನ್ನೂ ಕೇಳಿದರಂತೆ. ಕಡವೆಯನ್ನು ಅಲ್ಲಿಯೇ ಸರಿಸಮನಾಗಿ ಪಾಲು ಮಾಡಿದರು. ಅಜ್ಜ ಗುಂಡಿನ ಪಾಲನ್ನು ಬಿಟ್ಟುಕೊಟ್ಟರು. ಹದಿನಾಲ್ಕು ವರ್ಷದ ಹುಡುಗನಾಗಿ ಅಲ್ಲಿದ್ದ ನಮ್ಮ ತಂದೆ ಇದನ್ನು ನಮಗೆ ಹೇಳುವಾಗ, ಆ ವರ್ಷ ಮನೆಗೆ ಬಂದ ಮಾಂಸ ಕಡಿಮೆಯಾಗಿತ್ತೆಂಬುದನ್ನು ಸೇರಿಸದೆ ಮುಗಿಸುತ್ತಿರಲಿಲ್ಲ.

ಹಳೆಯ ಕಾಲವೆಲ್ಲ ಬಂಗಾರವೆಂದು ಮಕ್ಕಳಿಗೆ ಹೇಳುವುದು ಉಪಾಧ್ಯಾಯರಿಗೆ ತಕ್ಕದ್ದಲ್ಲ. ಆ ಬೇಟೆಗಳೆಲ್ಲ ಸರಕಾರದ ಅಪ್ಪಣೆ ಪಡೆದವೆಂದು ನಾವು ಸಾಧಿಸಲಾರೆವು. ಪಾಲು ಸಮವಾಗಿದ್ದರೂ ಕುಳಿತು ಉಣ್ಣುವ ಜಾಗ ಸಮವಾಗಿರಲಿಲ್ಲ. ಮುಳ್ಳಿನಲ್ಲಿ ನುಗ್ಗಿ ಮಿಗವನ್ನು ಎಬ್ಬಿಸಿದವರು ಕೊಟ್ಟಿಗೆಯ ಹೊರಗೆ ಉಂಡರು. ಊರಿಗೆ ಊರನ್ನೇ ಬೇಟೆಗೆ ಕರೆದ ನಲಿಕೆಯವನು ಅಂಗಳದಿಂದ ಜಗಲಿಗೆ ಏರಲಿಲ್ಲ. ಇದನ್ನು ನಮ್ಮ ತಂದೆ ಹೇಳಲಿಲ್ಲ. ನಾವೇ ಕೇಳಿ ತಿಳಿದುಕೊಳ್ಳಬೇಕಾಯಿತು.

ಕೋವಿಗಳು ಹೆಚ್ಚಿ ಕಾಡು ಕಡಿಮೆಯಾದಾಗ ಹಬ್ಬದ ಮಿತಿಯೂ ಉಳಿಯಲಿಲ್ಲ. ವರ್ಷಕ್ಕೊಮ್ಮೆ ನಡೆಯುತ್ತಿದ್ದುದು ವಾರಕ್ಕೊಮ್ಮೆಯಾಯಿತು. ರಾತ್ರಿ ದೀಪ ಹಿಡಿದು ಕೊಲ್ಲುವುದು, ಮಾಂಸ ಮಾರುವುದು ಬಂದುವು. ಮಾರುವ ಮಾಂಸಕ್ಕೆ ಬೆಲೆಯುಂಟು, ಪಾಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದುದು ನ್ಯಾಯವೇ. 1991ರ ತಿದ್ದುಪಡಿಯಿಂದ ಪರವಾನಗಿಯ ಬೇಟೆಯೂ ನಿಂತಿತು. ಅದಕ್ಕಾಗಿ ನಾವು ಮರುಗುವುದಿಲ್ಲ. ನಮ್ಮ ಮಕ್ಕಳಿಗೆ ಕಡವೆ ಕಾಡಿನಲ್ಲಿ ಕಾಣಸಿಗಬೇಕು.

ಆದರೆ ಇತ್ತೀಚಿನ ಒಂದು ಸಂಗತಿ ಯೋಚಿಸತಕ್ಕದ್ದಾಗಿದೆ. ಕಾಡುಹಂದಿಗಳ ಹಾವಳಿಯಿಂದ ಕೃಷಿಕರು ಕಂಗೆಟ್ಟುದರಿಂದ 2022ರಲ್ಲಿ ಕೇರಳ ಸರಕಾರವು, ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಿಸಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತು ಮೊದಲಾದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಪರವಾನಗಿಯ ಕೋವಿಯವರು ಕೊಲ್ಲಬೇಕು, ಹೆಣವನ್ನು ಹೂಳಬೇಕು, ಯಾರೂ ತಿನ್ನಕೂಡದು. ಈ ನಿಯಮಕ್ಕೆ ಕಾರಣವುಂಟು. ತಿನ್ನಲು ಬಿಟ್ಟರೆ ಹಾವಳಿಯಿಲ್ಲದ ಹಂದಿಯೂ ಹಾವಳಿಯ ಹಂದಿಯಾಗುತ್ತದೆ. ಆದರೂ ಹಾಗೆ ಹೂಳುವುದನ್ನು ನೋಡಿದ ದಿನ ನಮಗೆ ಅಜ್ಜನ ಕಾಲದ ಒಂದು ಮಾತಿನ ಅರ್ಥ ತಿಳಿಯಿತು. ಪಾಲು ಮಾಡಲಾಗದ್ದನ್ನು ಕೊಲ್ಲಬೇಡ ಎಂದು ಅವರು ಹೇಳುತ್ತಿದ್ದರಂತೆ. ಹುಡುಗನ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಕೆಡ್ಡಸದ ಬೇಟೆ ಕೊಲ್ಲುವ ಅಪ್ಪಣೆಯಾಗಿದ್ದಂತೆಯೇ ಕೊಲ್ಲುವುದಕ್ಕೆ ಹಾಕಿದ ಮಿತಿಯೂ ಆಗಿತ್ತು: ಇಂತಹ ದಿನ, ಇಷ್ಟು ಜನ ಸೇರಿ, ಇವರಿಗೆಲ್ಲ ಕೊಟ್ಟು. ಮಿತಿ ಮುರಿದಾಗ ಅಪ್ಪಣೆಯೂ ಹೋಯಿತು, ಅದು ಸರಿಯೇ.

ಬೇಟೆ ಹೋದರೂ ಕೊಡುವುದಕ್ಕೆ ಅಡ್ಡಿಯೇನಿಲ್ಲ. ಹುರಿದ ಅಕ್ಕಿಯ ಹುಡಿಗೆ ಬೆಲ್ಲವನ್ನೂ ತೆಂಗಿನಕಾಯಿಯನ್ನೂ ಬೆರೆಸಿದ ನನ್ನೆರಿಯನ್ನು ಕೆಡ್ಡಸಕ್ಕೆ ನಮ್ಮ ಮನೆಗಳಲ್ಲಿ ಈಗಲೂ ಮಾಡುತ್ತಾರೆ. ಕಳೆದ ವರ್ಷ ಪ್ರಶ್ನೆ ಕೇಳಿದ ಆ ಹುಡುಗ ಒಂದು ಡಬ್ಬಿಯ ತುಂಬ ನನ್ನೆರಿ ತಂದು, ಕನ್ನಡ ವಿಭಾಗದ ತರಗತಿಯಲ್ಲಿ ಹಂಚಿ, ಗೋಡೆಯಾಚೆಯ ಮಲೆಯಾಳ ವಿಭಾಗಕ್ಕೂ ಕೊಂಡುಹೋದ. ಹಿಂದಿರುಗಿ ಬಂದಾಗ ಡಬ್ಬಿಯ ತಳದಲ್ಲಿ ಒಂದು ಹಿಡಿ ಉಳಿದಿತ್ತು. ಅದನ್ನು ಏನು ಮಾಡುವೆಯೆಂದು ಕೇಳಿದೆವು. "ಗೇಟಿನ ಹತ್ತಿರ ಒಂದು ನಾಯಿ ಇದೆ ಸಾರ್" ಎಂದ.