ಮದುವೆಯ ಕ್ಯಾಸೆಟ್ಟಿನ ಸೋಬಾನೆ

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮಲ್ಲಿ ಬಣ್ಣದ ಟಿವಿ ಬಂತು. ಅದರ ಬೆನ್ನಿಗೇ ಮದುವೆಮನೆಗಳಿಗೆ ವಿಡಿಯೋದವರೂ ಬಂದರು. ಹೆಂಚಿನ ಊರಾದ ಮಾಲೂರಿನಲ್ಲೂ ಬೀರುವಿನ ಸೀರೆಗಳ ನಡುವೆ ಅಂಥ ಕ್ಯಾಸೆಟ್ಟು ಒಂದೆರಡು ಇದ್ದೇ ಇರುತ್ತವೆ. 2016ರಲ್ಲಿ ಫುನಾಯ್ ಕಂಪನಿಯೂ ವಿಸಿಆರ್ ತಯಾರಿಕೆ ನಿಲ್ಲಿಸಿತು. ಇನ್ನು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದೊಂದೇ ದಾರಿ.

ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಬಾರದು. ಟೇಪೂ ಹರಿದೀತು, ಯಂತ್ರದ ಹೆಡ್ಡೂ ಕೆಟ್ಟೀತು. ಎರಡನ್ನೂ ಶುಚಿಮಾಡಿ, ಟ್ರ್ಯಾಕಿಂಗ್ ಸರಿಪಡಿಸಿದರೆ ಅರ್ಧ ಕೆಲಸ ಆದಂತೆಯೇ. ನಡುಗುವ ಗೆರೆಗಳನ್ನು ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಸಾಲಿಗೆ ನಿಲ್ಲಿಸುತ್ತದೆ. ವಿಎಚ್‌ಎಸ್ ಚಿತ್ರದ ಅಡ್ಡಗಲದಲ್ಲಿ ಸಿಕ್ಕುವುದು ಸುಮಾರು 240 ಗೆರೆಗಳಷ್ಟು ವಿವರ. ಅದರಲ್ಲಿ ಇಲ್ಲದ್ದನ್ನು ಕಂಪ್ಯೂಟರು ಊಹಿಸಿ ತುಂಬೀತೇ ಹೊರತು ಮರಳಿ ತರಲಾರದು.

ದನಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಾಧಾರಣ ವಿಎಚ್‌ಎಸ್‌ನಲ್ಲಿ ದನಿ ಇರುವುದು ಟೇಪಿನ ಅಂಚಿನ ಕಿರಿದಾದ ಪಟ್ಟಿಯಲ್ಲಿ; ಟೇಪು ಸಾಗುವುದು ಹಾಡಿನ ಕ್ಯಾಸೆಟ್ಟಿನ ಅರ್ಧ ವೇಗದಲ್ಲಿ. ಅದರಿಂದಲೇ ಆ ಸುಯ್ಯೆಂಬ ಸದ್ದು. ಅದನ್ನು ಪೂರಾ ಒರೆಸಲು ಹೊರಟರೆ ಹಸೆಮಣೆಯ ಹಿಂದೆ ಕೂತು ಅಜ್ಜಿಯರು ಹಾಡಿದ ಸೋಬಾನೆಯೂ ಜೊತೆಗೆ ಅಳಿಸಿಹೋಗುತ್ತದೆ. ನಮ್ಮ ಗಡಿಸೀಮೆಯ, ಕನ್ನಡಕ್ಕೆ ತೆಲುಗು ಬೆರೆತ ಆ ದನಿಯನ್ನು ಬರೆದಿಟ್ಟವರು ಕಡಿಮೆ.

ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಅದಕ್ಕೇ ಆ ಗತಿಯಾದ ಮೇಲೆ ಮನೆಯ ಕ್ಯಾಸೆಟ್ಟನ್ನು ಮನೆಯವರೇ ಕಾಯಬೇಕು. ಮೊದಲು ಇಳಿಸಿಕೊಂಡ ಪ್ರತಿಯನ್ನು ಸದ್ದುಗದ್ದಲದ ಸಮೇತ ಹಾಗೇ ತೆಗೆದಿಡಿ. ತಿದ್ದುವುದೇನಿದ್ದರೂ ಅದರ ನಕಲಿನಲ್ಲಿ ಆಗಲಿ.